ಕಪ್ಪು ಟೇಪಿನ ಕೆಳಗಿನ ದೀಪ

ಮೂರನೆಯ ಸಲ ಆ ವಾದ್ಯದಂಗಡಿಯ ಮೆಟ್ಟಿಲು ಹತ್ತುವಾಗ ಪುಟ್ಟಿಗೆ ನಡುವೆಯೇ ಕೂತುಬಿಡೋಣ ಅನ್ನಿಸಿತು. ಇದ್ದದ್ದು ಹನ್ನೆರಡೇ ಮೆಟ್ಟಿಲು, ಕೈಯಲ್ಲಿ ಭಾರವೂ ಇರಲಿಲ್ಲ. ಆದರೂ ಕಾಲು ಬರಲೊಲ್ಲೆ ಎನ್ನುತ್ತಿತ್ತು. ಹಿಂದೆ ಅಕ್ಕ ಕಂಬಿ ಹಿಡಿದುಕೊಂಡು ಏದುಸಿರು ಬಿಡುತ್ತ ಹತ್ತುತ್ತಿದ್ದಳು. ಅಕ್ಕ ಇವತ್ತು ಬರಬಾರದಿತ್ತು. ಬರಬಾರದೆಂದೇ ಪುಟ್ಟಿ ಎರಡು ಸಲ ಕಳ್ಳಬೆಕ್ಕಿನ ಹಾಗೆ ಒಬ್ಬಳೇ ಬಂದು ಹೋಗಿದ್ದಳು.

ಪುಟ್ಟಿ ಎಂದ ಮಾತ್ರಕ್ಕೆ ಚಿಕ್ಕ ಹುಡುಗಿ ಅಂದುಕೊಳ್ಳಬೇಡಿ. ಅವಳಿಗೆ ಐವತ್ತೊಂಬತ್ತು ತುಂಬಿದೆ, ಮಣಿಕಟ್ಟಿಗೆ ಬೆಲ್ಟು ಬಂದಿದೆ, ಓದುವ ಕನ್ನಡಕ ಎರಡು ಸಲ ಬದಲಾಗಿದೆ. ಆದರೆ ಏಳು ವರ್ಷ ದೊಡ್ಡವಳಾದ ಅಕ್ಕ ಒಬ್ಬಳಿರುವವರೆಗೆ ಅವಳು ಪುಟ್ಟಿಯೇ. ಅಕ್ಕ ಹಾಡುವವಳು, ಪುಟ್ಟಿ ಪಿಯಾನೊ ನುಡಿಸುವವಳು. ಹೋಟೆಲಿನ ಪಡಸಾಲೆ, ಮದುವೆಯ ಸಂಜೆ, ವೃದ್ಧಾಶ್ರಮದ ಮಧ್ಯಾಹ್ನ, ಯಾರದೋ ನಿವೃತ್ತಿಯ ಊಟ, ಹೀಗೆ ಕರೆದಲ್ಲಿಗೆ ಹೋಗಿ ಮೂವತ್ತನಾಲ್ಕು ವರ್ಷದಿಂದ ಇಬ್ಬರೂ ಅದನ್ನೇ ಮಾಡಿಕೊಂಡು ಬಂದಿದ್ದಾರೆ. ಇಬ್ಬರಿಗೂ ಬೇರೆ ಸಂಸಾರವಿಲ್ಲ. ಅಕ್ಕನದು ಎರಡೇ ವರ್ಷಕ್ಕೆ ಮುಗಿಯಿತು, ಪುಟ್ಟಿಯದು ಶುರುವೇ ಆಗಲಿಲ್ಲ.

ಈಗ ಅವರ ಹಳೆಯ ಸ್ಟೇಜ್ ಪಿಯಾನೊ ಕೊನೆಯುಸಿರು ಎಳೆಯುತ್ತಿತ್ತು. ಸ್ಟೇಜ್ ಪಿಯಾನೊ ಎಂದರೆ ಮೈಕೈ ಇಲ್ಲದ ಪಿಯಾನೊ. ಬರೀ ಮನೆಗಳ, ಅಂದರೆ ಬೆರಳಿನಿಂದ ಒತ್ತುವ ಕಪ್ಪುಬಿಳಿ ಪಟ್ಟಿಗಳ, ಉದ್ದನೆಯ ಹಲಗೆ, ಕರೆಂಟಿನಲ್ಲಿ ನಡೆಯುವಂಥದ್ದು. ಅದಕ್ಕೆ ತನ್ನದೇ ಗಂಟಲಿಲ್ಲ, ಪಕ್ಕದಲ್ಲಿ ಸ್ಪೀಕರ್ ಪೆಟ್ಟಿಗೆ ಇಡಬೇಕು. ಇವರದಕ್ಕೆ ಹದಿನಾರು ವರ್ಷ. ಕರೆಂಟಿನ ಪಿನ್ನು ಸಡಿಲವಾಗಿ, ಬೆಂಕಿಕಡ್ಡಿ ಸಿಕ್ಕಿಸಿದರೆ ಮಾತ್ರ ಜೀವ ಬರುತ್ತಿತ್ತು. ನಡುವಿನ ಒಂದು ಮನೆ ಪೂರ್ತಿ ಸತ್ತೇಹೋಗಿತ್ತು, ಎಷ್ಟು ಒತ್ತಿದರೂ ಸದ್ದಿಲ್ಲ. ಹೋದ ತಿಂಗಳು ಹೋಟೆಲಿನಲ್ಲಿ ಹಾಡಿನ ನಡುವೆ ಇಡೀ ಯಂತ್ರವೇ ಕಣ್ಣು ಮುಚ್ಚಿತು. ಮ್ಯಾನೇಜರ್ ಬಂದು, "ಮುಂದಿನ ಸಲಕ್ಕೆ ಹೊಸದು ತನ್ನಿ, ಇಲ್ಲಾಂದ್ರೆ ನಾವು ಸಿ.ಡಿ. ಹಾಕ್ಕೋತೀವಿ" ಅಂದ. ಎಂಥ ಮಾತು! ಸಿ.ಡಿ. ಹಾಕ್ಕೋತಾನಂತೆ.

ಹೊಸದು ಕೊಳ್ಳುವುದೇನು ಮಹಾ, ಅಂಗಡಿಗೆ ಹೋದರಾಯಿತು, ಒಳ್ಳೆಯದನ್ನು ಆರಿಸಿದರಾಯಿತು. ಬೇರೆ ಯಾರಿಗಾದರೂ ಅಷ್ಟೇ. ಪುಟ್ಟಿಗೆ ಮಾತ್ರ ಅಷ್ಟು ಸುಲಭವಿರಲಿಲ್ಲ. ಯಾಕೆಂದರೆ ಅವಳ ಹಳೆಯ ಪಿಯಾನೊದ ಎಡಮೂಲೆಯಲ್ಲಿ, ಒಂದು ತುಂಡು ಕಪ್ಪು ಟೇಪಿನ ಕೆಳಗೆ, ಹನ್ನೊಂದು ವರ್ಷದ ಒಂದು ಸುಳ್ಳು ಇತ್ತು.

ಆ ಸುಳ್ಳು ತಿಳಿಯಬೇಕಾದರೆ ಅವರ ಅಮ್ಮನ ಪಾಠ ತಿಳಿಯಬೇಕು. ಅಮ್ಮನೇ ಇಬ್ಬರಿಗೂ ಗುರು. ಪುಟ್ಟಿಯ ಎಡಗೈಯ ಕಿರುಬೆರಳು ಇಡುವ ಮನೆಯ ಮೇಲೆ ಕೆಂಪು ಉಗುರುಬಣ್ಣದ ಒಂದು ಚುಕ್ಕೆ ಇಟ್ಟು, ಅಕ್ಕನಿಗೆ, "ಅವಳ ಕಿರುಬೆರಳು ನೋಡ್ಕೋ. ಅದು ಚುಕ್ಕೆ ಮೇಲಿದ್ರೆ ನೀನು ನಿನ್ನ ಜಾಗದಲ್ಲಿದ್ದೀಯ" ಅಂದಿದ್ದಳು. ಅಕ್ಕ ಅದನ್ನು ಎದೆಯ ಮೇಲೆ ಬರೆದುಕೊಂಡಳು. ಅಮ್ಮ ಹೋಗಿ ಎಷ್ಟೋ ವರ್ಷ, ಪಿಯಾನೊ ಮೂರು ಸಲ ಬದಲಾಯಿತು, ಪ್ರತಿಯೊಂದರ ಮೇಲೂ ಅಕ್ಕ ತಾನೇ ಕೂತು ಚುಕ್ಕೆ ಇಟ್ಟಳು. ಹಾಡು ಶುರು ಮಾಡುವ ಮುಂಚೆ ಒಮ್ಮೆ ಓರೆಗಣ್ಣಿನಲ್ಲಿ ತಂಗಿಯ ಕಿರುಬೆರಳು ನೋಡದೆ ಬಾಯಿ ತೆರೆದವಳಲ್ಲ. ಬೇರೆ ಹಾಡುಗಾರ್ತಿಯರು ವಯಸ್ಸಾದ ಹಾಗೆ ಶ್ರುತಿ ಇಳಿಸಿಕೊಂಡಾಗ ಅಕ್ಕ ಮೂಗು ಮುರಿಯುತ್ತಿದ್ದಳು. "ನಾನು ನನ್ನ ಚುಕ್ಕೆ ಬಿಟ್ಟು ಕದಲಿಲ್ಲಪ್ಪ" ಅನ್ನುತ್ತಿದ್ದಳು.

ಹನ್ನೊಂದು ವರ್ಷದ ಹಿಂದೆ, ಒಂದು ಸಭಾಂಗಣದಲ್ಲಿ ಕಾರ್ಯಕ್ರಮಕ್ಕೆ ಮುಂಚೆ ಅಭ್ಯಾಸ ಮಾಡುವಾಗ, ದೋಣಿಯ ಹಾಡಿನ ಮೂರನೆಯ ಸಾಲಿನಲ್ಲಿ ಅಕ್ಕನ ಸ್ವರ ಮೇಲೆ ಹೋಗಿ ಸಣ್ಣಗೆ ಒಡೆಯಿತು. ಅಕ್ಕನ ಮುಖ ಬಿಳಿಚಿಕೊಂಡಿತು. ಬಿಸಿನೀರು ಕುಡಿಯಲು ಹೊರಗೆ ಹೋದಳು. ಆ ಐದು ನಿಮಿಷದಲ್ಲಿ ಪುಟ್ಟಿ ಪಿಯಾನೊದ ಎಡಮೂಲೆಯ ಒಂದು ಗುಂಡಿಯನ್ನು ಒಮ್ಮೆ ಒತ್ತಿದಳು. ಅದಕ್ಕೆ ಟ್ರಾನ್ಸ್‌ಪೋಸ್ ಅನ್ನುತ್ತಾರೆ. ಒಮ್ಮೆ ಒತ್ತಿದರೆ ಬೆರಳು ಇದ್ದಲ್ಲೇ ಇರುತ್ತದೆ, ನಾದ ಮಾತ್ರ ಅರ್ಧ ಸ್ವರ ಕೆಳಗಿಳಿಯುತ್ತದೆ. ಅಕ್ಕ ಬಂದಳು, ಕಿರುಬೆರಳು ನೋಡಿದಳು, ಚುಕ್ಕೆಯ ಮೇಲಿತ್ತು. ಹಾಡಿದಳು. ಮೂರನೆಯ ಸಾಲು ಸಲೀಸಾಗಿ ದಾಟಿತು.

"ಬಿಸಿನೀರು ಕಣೇ ಪುಟ್ಟಿ! ಎಲ್ಲ ಬಿಸಿನೀರಿನ ಮಹಿಮೆ" ಅಂದಳು ಅಕ್ಕ.

ಅಂದಿನಿಂದ ಮನೆಯಲ್ಲಿ ಬಿಸಿನೀರಿನ ಆಳ್ವಿಕೆ ಶುರುವಾಯಿತು. ಬೆಳಿಗ್ಗೆ ಎದ್ದರೆ ಉಪ್ಪು ಹಾಕಿದ ಬಿಸಿನೀರಿನಲ್ಲಿ ಗಳಗಳ, ಮಲಗುವ ಮುಂಚೆ ಗಳಗಳ. ಸಿಕ್ಕಿದ ಹಾಡುಗಾರರಿಗೆಲ್ಲ ಉಪದೇಶ. ಮೊದಲ ಸಲ ಒಂದು ಒತ್ತು ಇದ್ದದ್ದು ನಾಲ್ಕು ವರ್ಷಕ್ಕೆ ಎರಡಾಯಿತು, ಆಮೇಲೆ ಮೂರು, ಈಗ ಮೂರು ವರ್ಷದಿಂದ ನಾಲ್ಕು. ಒತ್ತಿದರೆ ಅಲ್ಲೊಂದು ಕೆಂಪು ದೀಪ ಉರಿಯುತ್ತಿತ್ತು. ಅದಕ್ಕೇ ಕಪ್ಪು ಟೇಪು. ದೀಪ ಕೆಟ್ಟಿದೆ, ಸುಮ್ಮನೆ ಮಿನುಗುತ್ತೆ, ಕಣ್ಣಿಗೆ ಹೊಡೆಯುತ್ತೆ ಅಂತ ಅಕ್ಕನಿಗೆ ಹೇಳಿ ಮುಗಿಸಿದ್ದಳು. ಯಂತ್ರ ಆರಿಸಿದಾಗಲೆಲ್ಲ ಲೆಕ್ಕ ಅಳಿಸಿಹೋಗುವುದರಿಂದ, ಪ್ರತಿ ಕಾರ್ಯಕ್ರಮದಲ್ಲೂ ಸ್ವಿಚ್ ಹಾಕಿದ ಕೂಡಲೆ ಎಡಗೈ ತಾನಾಗಿ ಮೂಲೆಗೆ ಹೋಗಿ ನಾಲ್ಕು ಸಲ ಒತ್ತಿ ಬರುತ್ತಿತ್ತು. ಈಚೆಗೆ ಒತ್ತಿದ್ದು ಅವಳಿಗೇ ತಿಳಿಯುತ್ತಿರಲಿಲ್ಲ.

ಅವಳಿಗೆ ಸಾಕಾಗಿತ್ತು. ಸುಳ್ಳು ಸಾಕಾಗಿತ್ತು, ಹೊರುವುದು ಸಾಕಾಗಿತ್ತು, ಒಂದೇ ಹದಿನೆಂಟು ಹಾಡು ಸಾಕಾಗಿತ್ತು. ಆದರೆ ನಿಜ ಹೇಳಿದರೆ ಅಕ್ಕ ಮರುದಿನವೇ ಹಾಡುವುದು ಬಿಟ್ಟುಬಿಡುತ್ತಾಳೆ. ಹಾಡು ಬಿಟ್ಟ ಅಕ್ಕ ಹೇಗಿರುತ್ತಾಳೆಂದು ಯೋಚಿಸಲೂ ಪುಟ್ಟಿಗೆ ಧೈರ್ಯವಿರಲಿಲ್ಲ.

ಹಾಗಾಗಿ ಎರಡು ಸಲ ಒಬ್ಬಳೇ ಬಂದು ಮೂರು ಪಿಯಾನೊ ನೋಡಿಟ್ಟಿದ್ದಳು. ಮೊದಲನೆಯದನ್ನು ಮುಟ್ಟಿದ ಕೂಡಲೆ ಅವಳ ಬೆರಳು ಸೋತುಹೋಯಿತು. ಮರದ ಮನೆಗಳು, ಒತ್ತಿದರೆ ಒಳಗೆಲ್ಲೋ ನಿಜವಾದ ಸುತ್ತಿಗೆ ಎದ್ದು ಬಿದ್ದಂಥ ತೂಕ, ಮೆಲ್ಲಗೆ ಮುಟ್ಟಿದರೆ ಪಿಸುಮಾತು, ಗಟ್ಟಿಯಾಗಿ ಒತ್ತಿದರೆ ಗುಡುಗು. ಎಷ್ಟೋ ವರ್ಷದ ಮೇಲೆ ಕೈಗೆ ಅಯ್ಯೋ ಪಾಪ ಅಂದ ಯಂತ್ರ ಅದು. ಆದರೆ ಇಪ್ಪತ್ತೆರಡು ಕಿಲೊ. ಈಗಿನದು ಹದಿನಾಲ್ಕು, ಅದಕ್ಕೇ ಇಬ್ಬರೂ ಹೋಟೆಲಿನ ಹಿಂಬಾಗಿಲಿನ ಮೆಟ್ಟಿಲಿನಲ್ಲಿ ಮೂರು ಕಡೆ ನಿಲ್ಲುತ್ತಾರೆ. ಸಾಲದ್ದಕ್ಕೆ ಅದರ ನಡುವೆ ಅಂಗೈಯಗಲದ ಪರದೆ. ಶ್ರುತಿ ಇಳಿಸಿದರೆ ಎಷ್ಟು ಇಳಿಸಿದೆ ಅಂತ ಅದರಲ್ಲಿ ದಪ್ಪಕ್ಷರದಲ್ಲಿ ಕೂತಿರುತ್ತದೆ. ಹಿಂದಿನ ಸಾಲಿನವರೂ ಓದಬಹುದು.

ಎರಡನೆಯದು ಹತ್ತೇ ಕಿಲೊ. ಸ್ಪೀಕರು ಒಳಗೇ ಇತ್ತು, ಬ್ಯಾಟರಿಯಲ್ಲೂ ನಡೆಯುತ್ತಿತ್ತು. ಹೊರಲಿಕ್ಕೆ ಸ್ವರ್ಗ. ನುಡಿಸಲು ಕೂತರೆ ಮಾತ್ರ ಪ್ಲಾಸ್ಟಿಕ್ ಡಬ್ಬದ ಮುಚ್ಚಳ ಬಡಿದ ಹಾಗೆ ಟಕಟಕ. ಕಾಲಿನ ಪೆಡಲು ಒತ್ತಿ ಹಿಡಿದು ನಾಲ್ಕು ಸ್ವರ ಕೂಡಿಸಿದರೆ ಮೊದಲಿನ ಸ್ವರಗಳು ಉಸಿರು ಕಟ್ಟಿ ಸಾಯುತ್ತಿದ್ದವು. ಮೂರನೆಯದು ಎರಡರ ನಡುವಿನದು. ಹದಿಮೂರು ಕಿಲೊ, ಸದ್ದು ಪರವಾಗಿಲ್ಲ, ಮನೆಗಳ ಆಳ ತುಸು ಸಾಲದು, ಬೆರಳು ನೆಲಕ್ಕೆ ಬಡಿದಂತಾಗಿ ಅರ್ಧ ಗಂಟೆಯಲ್ಲಿ ಗೆಣ್ಣು ನೋಯುತ್ತಿತ್ತು. ಆದರೆ ಅದಕ್ಕೆ ಪರದೆಯಿಲ್ಲ. ಶ್ರುತಿ ಇಳಿಸಿದರೆ ದೀಪವೂ ಉರಿಯುವುದಿಲ್ಲ. ಯಾರ ಕಣ್ಣಿಗೂ ಬೀಳದೆ ಸುಳ್ಳು ಹೇಳಲು ಅದಕ್ಕಿಂತ ಒಳ್ಳೆಯ ಪಿಯಾನೊ ಇರಲಿಲ್ಲ. ಪುಟ್ಟಿ ಮನಸ್ಸಿನಲ್ಲೇ ಅದನ್ನು ಕೊಂಡಾಗಿತ್ತು. ಇನ್ನು ಹತ್ತು ವರ್ಷ ಹೀಗೇ ಅಂದುಕೊಂಡಾಗ ಮೈಯೆಲ್ಲ ಭಾರವಾಗಿತ್ತು, ಅಷ್ಟೇ.

ಇವತ್ತು ಹಣ ಕಟ್ಟಿ ಬರುತ್ತೇನೆಂದು ಹೊರಟರೆ ಅಕ್ಕ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ನಾನು ಹಾಡದೆ ಅದು ಹೆಂಗಿದೆ ಅಂತ ನಿಂಗೆ ಹೆಂಗೆ ಗೊತ್ತಾಗತ್ತೆ? ನಡಿ" ಅಂದಳು. ಬೇಡ ಅನ್ನಲು ಪುಟ್ಟಿಗೆ ಒಂದು ನೆಪವೂ ಹೊಳೆಯಲಿಲ್ಲ.

ಅಂಗಡಿಯಾತ ಐವತ್ತರ ಆಸುಪಾಸಿನ ಒಳ್ಳೆಯ ಮನುಷ್ಯ. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದ. ಯಾವ ವಾದ್ಯದ ಮುಂದೆ ನಿಂತರೂ ಅದರ ಗುಣವನ್ನೆಲ್ಲ ಒಂದೇ ರಾಗದಲ್ಲಿ ಒಪ್ಪಿಸುತ್ತಿದ್ದ.

"ಎಂಬತ್ತೆಂಟು ಮನೆ, ಮೂರು ಪೆಡಲು, ಎರಡು ಹೆಡ್‌ಫೋನು, ಇನ್ನೂರೈವತ್ತಾರು ಸ್ವರ ಒಟ್ಟಿಗೆ..."

"ಇವನೇನೇ, ಮಗ್ಗಿ ಹೇಳ್ತಾನೆ" ಎಂದು ಅಕ್ಕ ತಂಗಿಯ ಕಿವಿಯಲ್ಲಿ ಅಂದಳು. ಅಲ್ಲಿಂದ ಅವನು ಮಗ್ಗಿ ಮಾಸ್ತರನಾದ.

ಅಕ್ಕ ಮೊದಲನೆಯದನ್ನು ನೋಡಿ, "ಇದು ಸುಂದರವಾಗಿದೆ ಕಣೇ" ಅಂದಳು.

"ಭಾರ. ಹೊರೋರ್ಯಾರು?" ಅಂದಳು ಪುಟ್ಟಿ.

"ಅದು ಸರಿ. ಮತ್ತೆ ಈ ಹಗೂರದ್ದು?"

"ಸದ್ದು ಕೇಳು." ಪುಟ್ಟಿ ಎರಡನೆಯದರ ಮೇಲೆ ನಾಲ್ಕು ಸ್ವರ ನುಡಿಸಿದಳು.

"ಥೂ, ಟೈಪ್ ಮಾಡಿದ ಹಾಗಿದೆ. ಬೇಡ ಬಿಡು."

"ಅದಕ್ಕೇ ಇದು" ಎಂದು ಪುಟ್ಟಿ ಮೂರನೆಯದರ ಮುಂದೆ ಕೂತಳು. ಅಕ್ಕ ಅದರ ಪಕ್ಕ ಹೋಗಿ, ಎಡಗೈಯನ್ನು ಹೊಟ್ಟೆಯ ಮೇಲಿಟ್ಟು, ಮೂವತ್ತನಾಲ್ಕು ವರ್ಷ ನಿಂತ ಹಾಗೇ ನಿಂತಳು.

"ದೋಣಿ ಹಾಡು ಹಿಡಿ. ಮೂರನೇ ಸಾಲಲ್ಲೇ ಗೊತ್ತಾಗತ್ತೆ ಯಂತ್ರದ ಯೋಗ್ಯತೆ."

ಪುಟ್ಟಿ ಯೋಚಿಸಿದ್ದು ಬೇರೆ. ಇದರಲ್ಲಿ ಶ್ರುತಿ ಇಳಿಸುವ ಗುಂಡಿ ಎಲ್ಲಿದೆಯೆಂದು ಹೋದ ಸಲ ಮಗ್ಗಿ ಮಾಸ್ತರ ತೋರಿಸಿದ್ದ. ಬಲಕ್ಕೆ, ಎರಡು ಗುಂಡಿ ಒಟ್ಟಿಗೆ ಹಿಡಿದು ಒತ್ತಬೇಕು. ಅಕ್ಕ ಬೇರೆ ಕಡೆ ನೋಡುವಾಗ ಮೆಲ್ಲಗೆ ಒತ್ತಿದರಾಯಿತು ಅಂದುಕೊಂಡಿದ್ದಳು. ಆದರೆ ಹೆದರಿದ ಕೈ ತಲೆಯ ಮಾತು ಕೇಳುತ್ತದೆಯೇ? ಸ್ವಿಚ್ ಹಾಕಿದ್ದೇ ತಡ, ಎಡಗೈ ತಾನಾಗಿ ಎಡಮೂಲೆಗೆ ಹೋಗಿ, ಹಳೆಯ ಯಂತ್ರದಲ್ಲಿ ಒತ್ತಿದ ಹಾಗೇ ಒಂದು, ಎರಡು, ಮೂರು, ನಾಲ್ಕು ಒತ್ತಿತು.

ಈ ಪಿಯಾನೊದಲ್ಲಿ ಅಲ್ಲಿದ್ದದ್ದು ತಾಳದ ಗುಂಡಿ. ಶುರುವಾಯಿತು ನೋಡಿ, ಟಿಕ್ ಟಿಕ್ ಟಿಕ್ ಟಿಕ್! ನಿಲ್ಲಿಸಲು ಮತ್ತೆ ಒತ್ತಿದರೆ ಇನ್ನೂ ಜೋರಾಗಿ ಡುಂ ಟಕ್ಕ ಡುಂ ಟಕ್ಕ. ಅಂಗಡಿಯ ಇನ್ನೊಂದು ಕಡೆ ಗಿಟಾರ್ ನೋಡುತ್ತಿದ್ದವನೊಬ್ಬ ನಕ್ಕುಬಿಟ್ಟ.

ಮಗ್ಗಿ ಮಾಸ್ತರ ಓಡಿ ಬಂದು ಅದನ್ನು ನಿಲ್ಲಿಸಿದ. "ಅಲ್ಲಲ್ಲ ಮೇಡಂ, ಅದು ತಾಳ. ನಿಮಗೆ ಬೇಕಾದ್ದು ಈ ಕಡೆ. ಹೋದ ಸಲ ಹೇಳಿದ್ನಲ್ಲ? ಇದನ್ನ ಹಿಡ್ಕೊಂಡು ಇದನ್ನ ನಾಲ್ಕು ಸಲ. ನಾಲ್ಕೇ ತಾನೆ ನೀವು ಇಳಿಸೋದು?"

"ಏನು ಇಳಿಸೋದು?" ಅಂದಳು ಅಕ್ಕ.

"ಏನಿಲ್ಲ ಕಣೇ, ವಾಲ್ಯೂಮು" ಎಂದು ಪುಟ್ಟಿ ಅನ್ನುವಷ್ಟರಲ್ಲಿ ಮಗ್ಗಿ ಮಾಸ್ತರ ಶುರು ಹಚ್ಚಿಕೊಂಡಿದ್ದ. ಕೇಳಿದ್ದಕ್ಕೆ ಉತ್ತರ ಕೊಡದೆ ಬಿಟ್ಟರೆ ಅವನಿಗೆ ಊಟ ಸೇರುತ್ತಿರಲಿಲ್ಲವೇನೋ.

"ಶ್ರುತಿ ಮೇಡಂ! ಇದರ ಒಳ್ಳೇ ಗುಣವೇ ಅದು. ಬೆರಳು ಇಲ್ಲೇ ಇರತ್ತೆ ನೋಡಿ, ಈ ಮನೆ ಮೇಲೆ. ಈಗ ಕೇಳಿ." ಒಂದು ಸ್ವರ ನುಡಿಸಿದ. ಎರಡು ಗುಂಡಿ ಹಿಡಿದು ನಾಲ್ಕು ಸಲ ಒತ್ತಿದ. "ಈಗ ಅದೇ ಬೆರಳು, ಅದೇ ಮನೆ." ಮತ್ತೆ ನುಡಿಸಿದ. ನಾದ ಎರಡು ಸ್ವರ ಕೆಳಗಿತ್ತು. "ನೋಡಿದ್ರೆ ದೇವರಾಣೆಗೂ ಗೊತ್ತಾಗಲ್ಲ. ಹಾಡೋರಿಗೆ ವಯಸ್ಸಾಗಿ ಸ್ವರ ಇಳಿದಿರತ್ತಲ್ಲ, ಅಂಥೋರಿಗೆ ಇದು ವರದಾನ. ಮೇಡಂ ಅದನ್ನೇ ಮೊದಲು ವಿಚಾರಿಸಿದ್ದು. ದೀಪ ಉರಿಯಬಾರದು ಅಂದ್ರು. ಇದರಲ್ಲಿ ಉರಿಯಲ್ಲ."

ಅಕ್ಕ ತಂಗಿಯನ್ನು ನೋಡಿದಳು. ತಂಗಿ ಮನೆಗಳನ್ನು ನೋಡುತ್ತಿದ್ದಳು. ನೆಲ ಬಾಯಿ ಬಿಡಬಾರದೇ ಅನ್ನಿಸಿತು ಪುಟ್ಟಿಗೆ. ಜೊತೆಗೇ, ನಾಚಿಕೆಗೇಡಿನ ಮಾತು, ಎಲ್ಲೋ ಒಳಗೆ ಒಂದು ಗಂಟು ಸಡಿಲವಾದಂತೆಯೂ ಆಯಿತು.

"ಅದನ್ನ ಮೊದಲಿದ್ದ ಹಾಗೆ ಮಾಡಿ" ಅಂದಳು ಅಕ್ಕ ಅಂಗಡಿಯಾತನಿಗೆ. ದನಿ ಸಮವಾಗಿತ್ತು. "ಸೊನ್ನೆಗೆ ತನ್ನಿ. ಪುಟ್ಟಿ, ನುಡಿಸು."

"ಅಕ್ಕ, ಬೇಡ ಕಣೇ, ಮನೇಲಿ..."

"ನುಡಿಸು ಅಂದೆ."

ಪುಟ್ಟಿ ನುಡಿಸಿದಳು. ಅಕ್ಕ ಈ ಸಲ ಕಿರುಬೆರಳು ನೋಡಲಿಲ್ಲ, ಎದುರಿನ ಗೋಡೆ ನೋಡಿದಳು. ಮೊದಲ ಸಾಲು ಬಂತು. ಎರಡನೆಯದು ಬಿಗಿಯಾಗಿ ಬಂತು, ಕತ್ತಿನ ನರಗಳು ಎದ್ದು ಕಂಡವು. ಮೂರನೆಯ ಸಾಲಿಗೆ ಮೇಲೇರಿದಳು, ಅರ್ಧಕ್ಕೆ ಸ್ವರ ಒಡೆದು ಬರೀ ಗಾಳಿ ಉಳಿಯಿತು. ಪುಟ್ಟಿ ಕೈ ತೆಗೆದಳು. ಮಗ್ಗಿ ಮಾಸ್ತರನಿಗೆ ಈಗ ಅರ್ಥವಾಗಿತ್ತು, ಪಾಪ, ಕನ್ನಡಕ ತೆಗೆದು ಒರೆಸುತ್ತ ನಿಂತಿದ್ದ.

"ನಡಿ" ಎಂದು ಅಕ್ಕ ಚೀಲ ಎತ್ತಿಕೊಂಡಳು.

ಬಸ್ಸಿನಲ್ಲಿ ಅಕ್ಕ ಕಿಟಕಿಯ ಕಡೆ ಕೂತಳು. ಒಂಬತ್ತು ನಿಲ್ದಾಣ. ಒಂದು ಮಾತಿಲ್ಲ. ಬೈದಿದ್ದರೆ ಪುಟ್ಟಿ ತಡೆದುಕೊಳ್ಳುತ್ತಿದ್ದಳು, ಅತ್ತಿದ್ದರೆ ಸಮಾಧಾನ ಮಾಡುತ್ತಿದ್ದಳು. ಈ ಮೌನಕ್ಕೆ ಏನು ಮಾಡುವುದು? ಅವಳು ಕೈಚೀಲದ ಜಿಪ್ಪು ಎಳೆಯುವುದು ಹಾಕುವುದು ಮಾಡುತ್ತ ಕೂತಳು. ಇನ್ನು ಮುಗಿಯಿತು, ಅಕ್ಕ ಮಂಚ ಹಿಡಿಯುತ್ತಾಳೆ, ನಾನೇ ಅವಳನ್ನು ಕೊಂದೆ, ಹೀಗೆಲ್ಲ ಅವಳ ತಲೆಯಲ್ಲಿ ಓಡುತ್ತಿತ್ತು.

ಮನೆಗೆ ಬಂದವಳೇ ಅಕ್ಕ ಚಪ್ಪಲಿ ಬಿಟ್ಟು ನೇರ ಹಳೆಯ ಪಿಯಾನೊದ ಹತ್ತಿರ ಹೋದಳು. ಅದು ಮುಂದಿನ ಕೋಣೆಯಲ್ಲಿ ಕಿಟಕಿಯ ಪಕ್ಕ ತನ್ನ ಕಬ್ಬಿಣದ ಕಾಲಿನ ಮೇಲೆ ನಿಂತಿತ್ತು. ಬೆಂಕಿಕಡ್ಡಿ ಸಿಕ್ಕಿಸಿ ಸ್ವಿಚ್ ಹಾಕಿದಳು. "ಒತ್ತು" ಅಂದಳು.

ಪುಟ್ಟಿ ನಾಲ್ಕು ಸಲ ಒತ್ತಿದಳು. ಅಕ್ಕ ಬಗ್ಗಿ ಉಗುರಿನಿಂದ ಕಪ್ಪು ಟೇಪಿನ ಅಂಚು ಕೆರೆದಳು. ವರ್ಷಗಟ್ಟಲೆ ಅಂಟಿಕೊಂಡದ್ದು, ತುಂಡು ತುಂಡಾಗಿ ಬಂತು. ಕೆಳಗೆ ಸಾಸಿವೆಯಷ್ಟು ದೊಡ್ಡ ಕೆಂಪು ದೀಪ ಉರಿಯುತ್ತಿತ್ತು.

"ಎಷ್ಟು ವರ್ಷ?"

"ಹನ್ನೊಂದು."

"ಹನ್ನೊಂದು!" ಅಕ್ಕ ಹತ್ತಿರದ ಕುರ್ಚಿಯಲ್ಲಿ ಕುಸಿದಳು. "ಸಭಾಂಗಣದಲ್ಲಿ ಅವತ್ತು? ಬಿಸಿನೀರು ಕುಡಿದು ಬಂದಾಗ?"

"ಹೂಂ."

"ಅಯ್ಯೋ ನನ್ನ ಕರ್ಮವೇ. ಹನ್ನೊಂದು ವರ್ಷ ಉಪ್ಪುನೀರು ಮುಕ್ಕಳಿಸಿದ್ನಲ್ಲೇ! ಊರಿಗೆಲ್ಲ ಮುಕ್ಕಳಿಸಿ ಅಂದ್ನಲ್ಲೇ!"

"ತಪ್ಪಾಯ್ತು ಅಕ್ಕ. ಹೇಳಿದ್ರೆ ನೀನು ಹಾಡೋದು ಬಿಟ್ಟುಬಿಡ್ತಿದ್ದೆ. ಅದಕ್ಕೇ..."

"ಬಿಟ್ಟೇ ಬಿಡ್ತಿದ್ದೆ!" ಅಕ್ಕ ಕೂಗಿದಳು. ಆ ಕೂಗಿಗೆ ಪುಟ್ಟಿ ಹಿಂದೆ ಸರಿದಳು. "ಬಿಡಬೇಕು ಅಂತಲೇ ಇದ್ದೆ ಕಣೇ! ಅವತ್ತು ಸ್ವರ ಒಡೀತಲ್ಲ, ಹೊರಗೆ ಹೋಗಿ ನೀರು ಕುಡೀತಾ ಏನಂದ್ಕೊಂಡೆ ಗೊತ್ತಾ? ಸದ್ಯ, ಮುಗೀತು, ಇನ್ನು ಕೂತ್ಕೋಬಹುದು ಅಂದ್ಕೊಂಡೆ. ಒಳಗೆ ಬಂದು ಹಾಡಿದ್ರೆ ಸ್ವರ ಬಂದೇ ಬಂತು. ಸ್ವರ ಇರೋವರೆಗೆ ನಿಲ್ಲಿಸಬೇಡ ಅಂತ ಅಮ್ಮ ಮಾತು ತಗೊಂಡಿದ್ದಳು. ಎಲ್ಲರ ಗಂಟಲೂ ಕೈಕೊಡತ್ತೆ, ನನ್ನದು ಯಾಕೆ ಕೊಡಲ್ಲ ಅಂತ ದಿನಾ ಬೈಕೊಳ್ತಿದ್ದೆ. ಇಲ್ಲಿ ನೋಡು."

ಅಕ್ಕ ಕಾಲಿನ ಬಟ್ಟೆ ಮೊಣಕಾಲಿನವರೆಗೆ ಎಳೆದಳು. ಮೀನಖಂಡದ ಮೇಲೆ ನೀಲಿ ನರ ಗಂಟುಗಂಟಾಗಿ ಹೆಣೆದುಕೊಂಡಿತ್ತು. ಒಂದೇ ಮನೆಯಲ್ಲಿದ್ದೂ ಪುಟ್ಟಿ ಅದನ್ನು ನೋಡಿರಲಿಲ್ಲ. ಹನ್ನೊಂದು ವರ್ಷ ಅವಳು ನೋಡಿದ್ದು ಅಕ್ಕನ ಗಂಟಲನ್ನು ಮಾತ್ರ.

"ಒಂದು ಮಾತು ಹೇಳ್ಬಾರ್ದಿತ್ತಾ, ಕಾಲು ನೋಯತ್ತೆ ಅಂತ?" ಎಂದು ಪುಟ್ಟಿ ಕೇಳಿದಳು. ಅವಳಿಗೂ ಈಗ ಸಿಟ್ಟು ಬಂದಿತ್ತು.

"ಹೇಳಿ? ನಾನು ನಿಂತ್ರೆ ನೀನೇನು ಮಾಡ್ತೀಯ? ಒಬ್ಬಳೇ ಎಲ್ಲಿಗೆ ಹೋಗ್ತೀಯ? ಇವಳಿಗೆ ನನ್ನ ಬಿಟ್ರೆ ಯಾರು ದಿಕ್ಕು ಅಂತ ನಿಂತೆ."

"ನನಗಾ ದಿಕ್ಕಿಲ್ಲ? ಎಂಟು ವರ್ಷದ ಹಿಂದೆ ಡ್ಯಾನ್ಸ್ ಟೀಚರ್ ಒಬ್ರು ಮನೆಗೇ ಬಂದು ಕರೆದ್ರು. ಬೆಳಿಗ್ಗೆ ಕ್ಲಾಸಿಗೆ ನುಡಿಸಿ, ಪಿಯಾನೊ ಅಲ್ಲೇ ಇದೆ, ಹೊರೋದೂ ಬೇಡ ಅಂದ್ರು. ಮೊನ್ನೆ ಕೂಡ ಕೇಳಿದ್ರು. ಅಕ್ಕನಿಗೆ ಬೆಳಿಗ್ಗೆ ಅಭ್ಯಾಸ ಇರತ್ತೆ, ಆಗಲ್ಲ ಅಂದೆ. ನಿನಗೋಸ್ಕರ ಅಂದೆ!"

"ನನಗೋಸ್ಕರ!"

"ಮತ್ತೆ ಇನ್ಯಾರಿಗೆ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತುಹೋದರು. ಬೈಯಲು ಇನ್ನೂ ಬೇಕಾದಷ್ಟಿತ್ತು, ಆದರೆ ಇಬ್ಬರಲ್ಲೂ ಶಕ್ತಿ ಇರಲಿಲ್ಲ. ಅಕ್ಕ ಕಣ್ಣು ಒರೆಸಿಕೊಂಡಳು. ಪುಟ್ಟಿ ಒಳಗೆ ಹೋಗಿ ಮುಕ್ಕಾಲಿ ತಂದು ಅಕ್ಕನ ಕಾಲಿನ ಕೆಳಗಿಟ್ಟಳು. ಒಂದು ಕಾಲನ್ನು ತಾನೇ ಎತ್ತಿ ಅದರ ಮೇಲಿಟ್ಟಳು, ಆಮೇಲೆ ಇನ್ನೊಂದು. ಅಕ್ಕ ಬೇಡ ಅನ್ನಲಿಲ್ಲ.

ತುಂಬ ಹೊತ್ತಿನ ಮೇಲೆ ಅಕ್ಕ ಕೇಳಿದಳು. "ಆ ಮೂರರಲ್ಲಿ ನಿನ್ನ ಕೈಗೆ ಯಾವುದು ಇಷ್ಟ ಆಯ್ತು? ನಿಜ ಹೇಳು. ಇನ್ನೊಂದು ಸುಳ್ಳು ಕೇಳಕ್ಕೆ ನನ್ನ ಕೈಲಿ ಆಗಲ್ಲ."

"ಮೊದಲನೇದು."

"ಭಾರದ್ದು."

"ಹೂಂ, ಭಾರದ್ದು. ಮನೆಗಳು ಮರದ್ದು ಕಣೇ. ಕೈಗೆ ಹಿತವಾಗಿತ್ತು."

"ಹಂಗಾದ್ರೆ ಅದನ್ನೇ ತಗೊಳ್ಳೋಣ. ಒಂದು ಸಲ ಯಾರಾದ್ರೂ ಹೊತ್ತು ತಂದು ಇಲ್ಲಿ ಇಟ್ಟುಹೋಗ್ಲಿ. ಅದು ಇಲ್ಲೇ ಇರತ್ತೆ. ನಾನೂ ಇಲ್ಲೇ ಇರ್ತೀನಿ. ನೀನು ಬೆಳಿಗ್ಗೆ ಆ ಡ್ಯಾನ್ಸಿನವರ ಹತ್ತಿರ ಹೋಗಿ ಬಾ."

"ಹೋಟೆಲಿನವರಿಗೆ?"

"ಅವನು ಸಿ.ಡಿ. ಹಾಕ್ಕೊಳ್ಲಿ."

ಪುಟ್ಟಿಗೆ ನಗು ಬಂತು. ನಗುವಿನ ಜೊತೆ ಅಳುವೂ ಬಂದು ಉಡುಪಿನ ತೋಳಿನಲ್ಲೇ ಮೂಗು ಒರೆಸಿಕೊಂಡಳು. ಅಕ್ಕ ಕಾಲು ಚಾಚಿಕೊಂಡು, ತಲೆಯನ್ನು ಕುರ್ಚಿಗೆ ಒರಗಿಸಿದಳು. "ದೋಣಿ ಹಾಡು ನುಡಿಸು. ಸುಮ್ಮನೆ. ನಾನು ಹಾಡಲ್ಲ, ಕೇಳ್ತೀನಿ. ದೀಪ ಉರೀಲಿ, ಆರಿಸಬೇಡ" ಅಂದಳು.

ಪುಟ್ಟಿ ಕೂತಳು. ಕಿರುಬೆರಳನ್ನು ಚುಕ್ಕೆಯ ಮೇಲಿಟ್ಟಳು. ಅಕ್ಕ ನೋಡುತ್ತಿರಲಿಲ್ಲ, ಕಣ್ಣು ಮುಚ್ಚಿಕೊಂಡಿದ್ದಳು. ಈ ಹಾಡನ್ನು ಪುಟ್ಟಿ ಎಷ್ಟು ಸಾವಿರ ಸಲ ನುಡಿಸಿದ್ದಳೋ, ಆದರೆ ಅಕ್ಕ ಒಮ್ಮೆಯೂ ಅದನ್ನು ಕೂತು ಕೇಳಿರಲಿಲ್ಲ. ಮೊದಲ ಸಾಲು ಮುಗಿಯಿತು, ಎರಡನೆಯದು ಮುಗಿಯಿತು. ಮೂರನೆಯ ಸಾಲು ಮೇಲೇರಿ ತುದಿ ಮುಟ್ಟುವಲ್ಲಿ ಒಂದು ಸ್ವರದಷ್ಟು ಜಾಗ ಖಾಲಿ ಬಿದ್ದು ಹಾಡು ಮುಂದೆ ಹೋಯಿತು.

ಅಕ್ಕ ಕಣ್ಣು ತೆರೆದಳು. "ಅಲ್ಲೊಂದು ಸ್ವರ ಬರ್ಲಿಲ್ಲ."

"ಆ ಮನೆ ಸತ್ತು ಎಂಟು ತಿಂಗಳಾಯ್ತಲ್ಲ ಅಕ್ಕ."

"ಅದು ಇದೇನಾ? ಈ ಹಾಡಲ್ಲಿ ಗೊತ್ತೇ ಆಗ್ಲಿಲ್ವಲ್ಲೇ ನನಗೆ. ಯಾರೂ ಹೇಳ್ಲೂ ಇಲ್ಲ."

"ಹೆಂಗೆ ಗೊತ್ತಾಗತ್ತೆ? ಅಲ್ಲಿ ನೀನು ಹಾಡ್ತಿದ್ದೆ. ನಿನ್ನ ಸ್ವರವೇ ಅಲ್ಲಿ ತುಂಬಿಕೊಳ್ತಿತ್ತು."

ಅಕ್ಕ ಸ್ವಲ್ಪ ಹೊತ್ತು ಆ ಕೆಂಪು ದೀಪವನ್ನು ನೋಡಿದಳು. ಆಮೇಲೆ ಕೈ ಬೀಸಿ, ಇನ್ನೊಂದು ಸಲ ಎಂದು ಸನ್ನೆ ಮಾಡಿದಳು.

ಪುಟ್ಟಿ ಮೊದಲಿನಿಂದ ಹಿಡಿದಳು. ಒಂದನೆಯ ಸಾಲು, ಎರಡನೆಯ ಸಾಲು, ಅಕ್ಕ ಸುಮ್ಮನಿದ್ದಳು. ಮೂರನೆಯ ಸಾಲು ಮೇಲೇರಿತು. ಸತ್ತ ಮನೆಯ ಮೇಲೆ ಪುಟ್ಟಿಯ ಬೆರಳು ಬಿದ್ದು ಸದ್ದು ಬಾರದಿದ್ದ ಆ ಒಂದು ಗಳಿಗೆಯಲ್ಲಿ, ಅಕ್ಕ ಕುರ್ಚಿಯಿಂದ ಏಳದೆ, ಮುಕ್ಕಾಲಿಯ ಮೇಲಿನ ಕಾಲು ಕದಲಿಸದೆ, ಆ ಒಂದೇ ಸ್ವರವನ್ನು ಹಾಡಿದಳು.